ಬೋರ್ಗಿನ ಎಂಟು ಬಿಳಿ ಎಳೆ

ನಮ್ಮ ಸ್ಕಾರ್ವೇ ದ್ವೀಪಕ್ಕೆ ತನ್ನದೇ ಒಂದು ಟಾರ್ಟನ್, ಅಂದರೆ ಬಣ್ಣದ ಪಟ್ಟಿಗಳ ಚೌಕಳಿ ಉಣ್ಣೆಬಟ್ಟೆ ಬೇಕೆಂದು ಹೊಳೆದದ್ದು ಹೆಕ್ಟರ್ ಮೇಷ್ಟ್ರಿಗೆ. ನಿವೃತ್ತರಾದ ಮೇಲೆ ಅವರಿಗೆ ಇಂಥವು ಹೊಳೆಯುತ್ತಲೇ ಇರುತ್ತವೆ. ಪಟ್ಟಿ, ಬಣ್ಣ ಹೊಂದಿಸುವ ಕೆಲಸ ಮರ್ಡೀನಾಳ ತಲೆಗೆ ಬಿತ್ತು. ಐವತ್ತು ವರ್ಷ ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗ ತುಳಿದವಳು, ನನ್ನ ನೆರೆಯವಳು, ಯಾರಿಗೂ ಸೊಪ್ಪು ಹಾಕದವಳು.

ಸಭೆಯಲ್ಲಿ ಮೀನುಗಾರರು ನೀಲಿ ಸಾಲದೆಂದರು, ಕುರಿಯವರು ಹಸಿರು ಸಾಲದೆಂದರು. ಮರ್ಡೀನಾ ಎದ್ದು ನಿಂತಳು.

"ನಿಮ್ಮ ನೀಲಿ ಸಮುದ್ರ ವರ್ಷಕ್ಕೆ ನಾಲ್ಕು ದಿನ ಕಾಣ್ಸುತ್ತೆ. ಮಿಕ್ಕಿದ್ದೆಲ್ಲ ಬೂದು. ಬೂದೇ ಹಾಕ್ತೀನಿ, ಆಗದವ್ರು ಬಂದು ಮಗ್ಗ ತುಳೀರಿ."

ಹಾಗೇ ಮಾಡಿದಳು. ಬಂಡೆಯ ಬೂದು, ಒಲೆಗೆ ಉರುವಲೆಂದು ಕಡಿದು ಒಣಗಿಸುವ ಜೌಗುಮಣ್ಣಿನ ಕಂದು, ದಡದ ಹೂಗಳಿಗೆಂದು ಒಂದಿಷ್ಟು ಹಳದಿ. ನಡುವೆ ಎಂಟು ಬಿಳಿ ಎಳೆ. ಅವು ಬೋರ್ಗಿನ ಎಂಟು ಮನೆಗಳು. ದ್ವೀಪದ ಪಡುವಣ ತುದಿಯ ಆ ಊರಲ್ಲಿ ಶಾಲೆ ಮುಚ್ಚಿ, ಬದುಕು ಸಾಗದೆ ಎಲ್ಲರೂ ಹೊರಟಾಗ, ಅಲ್ಲೇ ಹುಟ್ಟಿದ ಮರ್ಡೀನಾಗೆ ಏಳು ವರ್ಷ. ಈಗ ಅಲ್ಲಿ ಗೋಡೆಗಳೂ ನೆಟ್ಟಗಿಲ್ಲ.

"ಬೇರೆ ಬಣ್ಣ ಏನಾದ್ರೂ ಮಾಡ್ಕೊಳ್ಳಿ. ಈ ಎಂಟನ್ನ ಮಾತ್ರ ಮುಟ್ಬೇಡಿ," ಎಂದಳು.

ಯಾರೂ ಮುಟ್ಟಲಿಲ್ಲ. ಎಡವಿದ್ದು ಅವಳೇ. ಟಾರ್ಟನ್ನಿನ ಪಟ್ಟಿಗಳು ಒಂದು ಬಣ್ಣದವರೆಗೆ ಹೋಗಿ, ಅಲ್ಲಿಂದ ಅದೇ ಸಾಲಿನಲ್ಲಿ ಹಿಂದಕ್ಕೆ ತಿರುಗುತ್ತವೆ. ಅವಳ ಅಪ್ಪನ ಕಾಲದ ನೇಕಾರರು ಆ ತಿರುವಿನ ಬಣ್ಣಕ್ಕೆ ಅರ್ಧ ಎಳೆಯನ್ನಷ್ಟೇ ಬರೆಯುತ್ತಿದ್ದರು. ತಿರುಗಿ ಬರುವಾಗ ಉಳಿದರ್ಧ ಸೇರುತ್ತಿತ್ತು. ಕೈಯ ರೂಢಿಯಲ್ಲಿ ಅವಳೂ ತಿರುವಿನಲ್ಲಿದ್ದ ಬಿಳಿಗೆ ನಾಲ್ಕು ಎಂದು ಬರೆದಳು. ಮೇಷ್ಟ್ರು ಆ ಹಾಳೆಯನ್ನೇ ಟಾರ್ಟನ್‌ಗಳನ್ನು ದಾಖಲಿಸುವ ಕಚೇರಿಗೂ ನೇಯುವ ಗಿರಣಿಗೂ ಕಳಿಸಿದರು. ಗಿರಣಿಯವರು ಬರೆದಷ್ಟನ್ನೇ ನೇಯುವವರು.

ಬಟ್ಟೆ ಬಂದ ದಿನ ಸಭಾಂಗಣವೆಲ್ಲ ಚಪ್ಪಾಳೆ. ಮರ್ಡೀನಾ ಮಾತ್ರ ಕಿಟಕಿಯ ಬಳಿ ಗುಂಡುಸೂಜಿ ಹಿಡಿದು ಎಳೆ ಎಣಿಸುತ್ತಿದ್ದಳು. ಮತ್ತೆ ಎಣಿಸಿದಳು.

"ನಾರ್ಮನ್, ನೀನು ಎಣ್ಸು. ನನ್ ಕಣ್ಣು ಸರಿಯಿಲ್ಲ."

ನಾನೂ ಎಣಿಸಿದೆ. ಬಿಳಿ ನಾಲ್ಕೇ; ಅವಳ ಕಣ್ಣು ಸರಿಯಾಗಿಯೇ ಇತ್ತು.

ನಾನೇ ಗಿರಣಿಗೆ ಫೋನ್ ಮಾಡಿದೆ. "ಹಾಳೇಲಿ ನಾಲ್ಕು ಅಂತಾನೇ ಇದೆ ಸರ್," ಎಂದಳು ಒಬ್ಬ ಹುಡುಗಿ, ಬಹಳ ವಿನಯದಿಂದ. ದಾಖಲಾದದ್ದನ್ನು ತಿದ್ದುವಂತಿಲ್ಲವಂತೆ, ಬೇಕಾದರೆ ಬೇರೆ ಹೆಸರಿನಲ್ಲಿ ಬೇರೆ ಟಾರ್ಟನ್ ಮಾಡಬೇಕಂತೆ. ದ್ವೀಪಕ್ಕಿರುವುದು ಒಂದೇ ಹೆಸರು. ಶಾಲೆಯ ಮಕ್ಕಳ ಕಿಲ್ಟು ಲಂಗಗಳಿಗೆ ಆಗಲೇ ಬಟ್ಟೆ ಕತ್ತರಿಸಿಯಾಗಿತ್ತು.

"ಯಾರಿಗೆ ಗೊತ್ತಾಗುತ್ತೆ ಮರ್ಡೀನಾ? ಚೆನ್ನಾಗೇ ಇದ್ಯಲ್ಲ," ಎಂದರು ಮೇಷ್ಟ್ರು. ನನಗೆ ಮೈ ಉರಿಯಿತು. ಆದರೆ ಅವರ ಮಾತು ನಿಜ, ಬಟ್ಟೆ ಚೆನ್ನಾಗೇ ಇತ್ತು.

ಗೊತ್ತಾಗುವವಳು ಒಬ್ಬಳಿದ್ದಳು. ಬೋರ್ಗಿನವರಲ್ಲಿ ಮರ್ಡೀನಾ ಬಿಟ್ಟರೆ ಉಳಿದಿರುವ ಇನ್ನೊಬ್ಬಳು ಕರ್ಸ್ಟಿ, ವೃದ್ಧಾಶ್ರಮದಲ್ಲಿದ್ದಾಳೆ. ಎಂಟು ಎಳೆಯ ಸುದ್ದಿ ಕೇಳಿದಂದಿನಿಂದ ಆ ಬಟ್ಟೆಯದೊಂದು ಶಾಲಿಗಾಗಿ ಕಾಯುತ್ತಿದ್ದಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮರ್ಡೀನಾಳನ್ನು ಕಾರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಶಾಲಿನ ಪೊಟ್ಟಣ ಅವಳ ಮಡಿಲಲ್ಲಿತ್ತು.

ಕರ್ಸ್ಟಿ ಶಾಲನ್ನು ಮಡಿಲಿಗೆ ಎಳೆದುಕೊಂಡು ಕನ್ನಡಕ ಹಾಕಿದಳು. ಬಿಳಿ ಪಟ್ಟಿಯ ಅಂಚಿಗೆ ಉಗುರಿಟ್ಟಳು.

"ಇದು ಕಡಲ ಕಡೆ ಆಯ್ತಾ? ಮೊದಲ್ನೇದು ಈವನ್‌ದು. ಎರಡನೇದು ನಮ್ದು! ನೋಡೇ, ನಮ್ಮನೆ! ಮೂರು, ವಿಧವೆ ಫ್ಲೋರಾದು. ನಾಲ್ಕು, ಅವ್ಳ ಪಕ್ಕದ್ದು. ಐದು..." ಉಗುರು ಬೂದು ಬಣ್ಣಕ್ಕೆ ಜಾರಿತು. ಹಿಂದಕ್ಕೆ ತಂದು ಮತ್ತೆ ಎಣಿಸಿದಳು. "ಇಲ್ಲಿಗೇ ಮುಗೀತಲ್ಲೇ ಮರ್ಡೀ. ನಿಮ್ಮನೆ ಎಲ್ಲಿ?"

ಮರ್ಡೀನಾ ಶಾಲಿನ ಅಂಚನ್ನು ಕೈಯಿಂದ ಸರಿಮಾಡಿದಳು.

"ನಮ್ದು ಬಂದಿಲ್ಲ ಕಣೇ," ಎಂದಳು ಮರ್ಡೀನಾ. "ನಾನೇ ಬಿಟ್ಬಿಟ್ಟೆ."