ಬಾವಿಸಾಹೇಬರ ತನಿಖೆ

ಬೀದಿಯ ಕುಡಿಯುವ ನೀರಿನ ಬಾವಿಗೆ ಕಾವಲು ನಿಂತಂದಿನಿಂದ ನೀರುಗಂಟಿಯ ಹೆಸರು ಯಾರಿಗೂ ನೆನಪಿರಲಿಲ್ಲ. ಜನ 'ಬಾವಿಸಾಹೇಬರು' ಎಂದು ಆಡಿಕೊಂಡರು. ಅವರು ಅದನ್ನು ಬಡ್ತಿ ಎಂದುಕೊಂಡರು. ಕಟ್ಟೆಯ ಮೇಲೆ ಯಾರಾದರೂ ಕೊಡ ತೊಳೆದರೆ ಸೀಟಿ. ಮೇಲೆ ಕಾಗೆ ಹಾರಿದರೂ ಸೀಟಿ. ಕಾಗೆಗಳು ಈಗ ಸುತ್ತುಬಳಸಿ ಹೋಗುತ್ತವೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ಪರೀಕ್ಷೆಗೆ ಹೋದ ನೀರು ನಪಾಸಾಗಿ ಬಂತು. ಎಲ್ಲಿಂದಲೋ ಕೊಳಚೆ ಸೇರುತ್ತಿದೆ, ಮೂಲ ಸಿಗದಿದ್ದರೆ ಬಾವಿಯನ್ನೇ ಮುಚ್ಚುತ್ತೇವೆ ಎಂದು ಆರೋಗ್ಯ ಇಲಾಖೆಯವರು ಸುತ್ತ ಹಗ್ಗ ಕಟ್ಟಿ ಹೋದರು. ಬೀದಿಗೆ ನೀರಿನ ಚಿಂತೆ. ಬಾವಿಯೇ ಹೋದರೆ ತಾವು ಯಾವುದಕ್ಕೆ ಸಾಹೇಬರು ಎಂಬುದು ಇವರ ಚಿಂತೆ.

ಅಪರಾಧಿ ಯಾರೆಂದು ಅವರಿಗೆ ಆಗಲೇ ಗೊತ್ತಿತ್ತು: ಎದುರಿನ ಬೇಕರಿಯವನು. ತಟ್ಟೆ ತೊಳೆದ ಜಿಡ್ಡುನೀರು ಇಂಗುವುದು ಅವನ ಹಿತ್ತಲ ಗುಂಡಿಯಲ್ಲೇ ತಾನೆ? ಕಾಲು ಕೆರೆದುಕೊಂಡು ಜಗಳಕ್ಕೆ ಹೋದರೆ ಅವನು ಕೇಕಿಗೆ ಹಾಕುವ ಬಣ್ಣದ ಡಬ್ಬಿಗಳನ್ನು ತಂದು ಮುಂದಿಟ್ಟ. ಕೆಂಪನ್ನು ತನ್ನ ಗುಂಡಿಗೆ ಸುರಿಯಲಿ, ಬಾವಿ ಕೆಂಪಾದರೆ ಅವತ್ತೇ ಒಲೆ ಆರಿಸುತ್ತೇನೆ ಎಂದ. ಆಮೇಲೆ ಮೆಲ್ಲಗೆ ಸೇರಿಸಿದ:

"ಹಸಿರು ಉಳಿಯುತ್ತೆ ಸಾಹೇಬ್ರೆ. ಅದನ್ನ ನಿಮ್ಮ ಬಚ್ಚಲಿಗೆ ಹಾಕಿ."

ಬಾವಿ ಸದಾ ಕಣ್ಣೆದುರೇ ಇರಲೆಂದು ಸಾಹೇಬರು ಅದರ ಬೆನ್ನಿಗೇ ಮನೆ ಮಾಡಿದ್ದರು. ಹೊಸ ಬಚ್ಚಲು-ಕಕ್ಕಸಿನ ಗುಂಡಿಯನ್ನೂ ತಾವೇ ನಿಂತು ತೋಡಿಸಿದ್ದರು. ಕಾವಲುಗಾರನ ಬಚ್ಚಲನ್ನೇ ಅನುಮಾನಿಸುವುದೇ ಎಂದು ಉರಿದುಬಿದ್ದರು. ದೂರದ ನಲ್ಲಿಯಿಂದ ನೀರು ಹೊತ್ತು ಸೊಂಟ ಬಿದ್ದಿದ್ದ ಹೆಂಡತಿ ಹಸಿರು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಬಾವಿ ಕೆಲವು ದಿನ ತೆಪ್ಪಗಿತ್ತು. ಬೇಕರಿಯ ಗುಂಡಿಗೆ ತಾವೇ ಕೆಂಪು ಸುರಿದಿದ್ದ ಸಾಹೇಬರು ಮೀಸೆ ತಿರುವುತ್ತ ಕೆಂಪಿಗಾಗಿ ಕಾದರು. ಒಂದು ಬೆಳಿಗ್ಗೆ ಬೀದಿಯವರೆಲ್ಲ ನೋಡುತ್ತಿದ್ದಂತೆ ಬಿಂದಿಗೆ ಇಳಿಬಿಟ್ಟು ಸೇದಿದರು. ಮೇಲೆ ಬಂದದ್ದು ಗಿಣಿಹಸಿರು.

ಬೇಕರಿಯವನು ನಗು ತಡೆಯಲು ಹೆಗಲ ಮೇಲಿನ ಟವೆಲ್ಲು ಕಚ್ಚಿಕೊಂಡ. ಸಾಹೇಬರು ಗಂಟಲು ಸರಿಮಾಡಿಕೊಂಡು ಸಾರಿದರು: ಅಪರಾಧಿ ಪತ್ತೆಯಾಗಿದ್ದಾನೆ, ಮರ್ಯಾದಸ್ಥನಾದ್ದರಿಂದ ಹೆಸರು ಹೇಳುವಂತಿಲ್ಲ, ಸೂಕ್ತ ಕ್ರಮ ಜರುಗಿಸಲಾಗುವುದು.

"ಕ್ರಮ ಆಮೇಲೆ ನೋಡೋಣ ರೀ," ಎಂದಳು ಹೆಂಡತಿ. "ಮೊದ್ಲು ಗುದ್ದಲಿ ಹಿಡೀರಿ. ಬೇಲೀನೇ ಎದ್ದು ಹೊಲ ಮೇಯ್ದಿದ್ದು ಸಾಕು."

ಬಚ್ಚಲ ಗುಂಡಿ ಮುಚ್ಚಿ, ಕೊಳವೆಯನ್ನು ಬೀದಿಯ ಒಳಚರಂಡಿಗೆ ತಿರುಗಿಸಲು ಸಾಹೇಬರು ಅಂಗಳ ಅಗೆಯತೊಡಗಿದರು. ಪಾಪವೆನಿಸಿ ಬೇಕರಿಯವನು ಇನ್ನೊಂದು ತುದಿಯಿಂದ ಅಗೆಯುತ್ತ ಬಂದ. ನಡುವೆ ಇಬ್ಬರೂ ಎದುರಾದಾಗ ಸಾಹೇಬರು ಬೆವರು ಒರೆಸಿಕೊಂಡು, ಅವನ ಕಡೆಯ ಕಾಲುವೆ ತುಸು ಸೊಟ್ಟಗಿದೆ ಎಂದು ಆಕ್ಷೇಪಣೆ ತೆಗೆದರು.