ಗೌರಿಬಿದನೂರಿನ ಕ್ಷೀರಸಾಗರ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮ ಗಣಿತದ ಮೇಷ್ಟ್ರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು, ಅಷ್ಟೇ ದೂರ. ಆದರೂ ತಿಂಗಳೊಳಗೆ ಅವರಿಂದ ದಪ್ಪನೆಯ ಲಕೋಟೆ ಬಂತು. ಒಳಗೆ 'ದೇಶಾಂತರ' ಎಂಬ ಹನ್ನೆರಡು ಭಾಮಿನಿ ಷಟ್ಪದಿಗಳು. ಛಂದಸ್ಸು, ಪ್ರಾಸ, ರಸ ಮೂರನ್ನೂ ನೋಡಿ, ದಾಕ್ಷಿಣ್ಯ ಬೇಡ ಎಂದು ಬರೆದಿದ್ದರು.

ನಾನು ಕೆಂಪು ಪೆನ್ನು ಹಿಡಿದು ಲಘು ಗುರು ಹಾಕುತ್ತಾ ಹೋದೆ. 'ದೂರ ದೇಶಕೆ ಬಂದು ಬಿದ್ದೆನು, ಊರ ಬಾಗಿಲು ಮುಚ್ಚಿ ಹೋಯಿತು.' ಮೂರು, ನಾಲ್ಕು, ಮೂರು, ನಾಲ್ಕು. ಒಂದು ಮಾತ್ರೆಯೂ ಆಚೀಚೆ ಇಲ್ಲ, ಗಣಿತದವರಲ್ಲವೇ. ತೊಂದರೆ ಇದ್ದದ್ದು ಪ್ರಾಸದಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರ ರಕಾರವೇ ಆಗಬೇಕೆಂಬ ಹಟಕ್ಕೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಪರದಾಡುವ ಆ ಊರಿಗೆ ಕ್ಷೀರಸಾಗರವನ್ನೇ ತಂದು ಬಿಟ್ಟಿದ್ದರು. ಕರುಣರಸ ಎಂದು ಅವರೇ ತಲೆಬರಹದ ಕೆಳಗೆ ನಮೂದಿಸಿದ್ದರು. ನನಗೆ ಸಿಕ್ಕಿದ್ದು ಹಾಸ್ಯ ಎಂದು ಎರಡು ಹಾಳೆ ತುಂಬ ಬರೆದು ಕಳಿಸಿದೆ.

ಆ ಭಾನುವಾರ ಶಿಡ್ಲಘಟ್ಟದ ಮನೆಗೆ ಬಂದಿದ್ದವರು ನನಗೆ ಹೇಳಿಕಳಿಸಿದರು. ಹೋದರೆ ಮುಖ ಊದಿಸಿಕೊಂಡು ಕೂತಿದ್ದರು. ಅವರ ಹೆಂಡತಿ ಊರಿನ ಆಸ್ಪತ್ರೆಯಲ್ಲಿ ನರ್ಸು, ಅದಕ್ಕೇ ಇಲ್ಲೇ ಉಳಿದಿದ್ದರು. ಆಕೆ ಕಾಫಿ ಕೊಟ್ಟು, ಪದ್ಯಗಳನ್ನು ಪೂರ್ತಿ ಓದಿ, ಸಮಾಧಾನವಾಗಿ ನನ್ನನ್ನು ಕೇಳಿದರು:

"ದೇಶಾಂತರ ಹೋದವರು ಶನಿವಾರ ಶನಿವಾರ ಒಗೆಯೋ ಬಟ್ಟೆ ತರ್ತಾರೇನಪ್ಪಾ?"

ನಾನು ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡೆ. ಮೇಷ್ಟ್ರು ನಗಲಿಲ್ಲ. ದೂರದ ಮಾತಲ್ಲ ಅದು ಎಂದರು. ನಮ್ಮ ಶಾಲೆಯ ಮಕ್ಕಳು ಅವರಿಗೆ 'ಸೊನ್ನೆ' ಎಂದು ಹೆಸರಿಟ್ಟಿದ್ದರು. ಕಾರಿಡಾರಿನಲ್ಲಿ ಪಿಸುಗುಟ್ಟುವುದು ಅವರಿಗೂ ಕೇಳಿಸುತ್ತಿತ್ತಂತೆ.

"ಅಲ್ಲಿ ಇನ್ನೂ ಯಾರೂ ನನಗೆ ಅಡ್ಡಹೆಸರು ಇಟ್ಟಿಲ್ಲ ಕಣೇ," ಎಂದು ಹೆಂಡತಿಗೆ ಹೇಳಿದರು.

ಇದನ್ನೇ ಬರೆಯಿರಿ ಎಂದೆ. ಷಟ್ಪದಿಗೆ ಕೂರುವುದಿಲ್ಲ ಎಂದು ಗೊಣಗಿದರು. ಅವರ ಹೆಂಡತಿ ನನ್ನ ಕೆಂಪು ಪೆನ್ನು ತೆಗೆದು ಅವರ ಕೈಗಿಟ್ಟರು. ಹನ್ನೆರಡು ಪದ್ಯಗಳಲ್ಲಿ ಹನ್ನೊಂದನ್ನು ಮೇಷ್ಟ್ರೇ ಹೊಡೆದುಹಾಕಿದರು. ಉಳಿಸಿಕೊಂಡದ್ದು ಕ್ಷೀರಸಾಗರದ ಪದ್ಯ. ಎಷ್ಟು ಹೇಳಿದರೂ ಅದನ್ನು ಮಾತ್ರ ಬಿಡಲಿಲ್ಲ.