ಹೊಹೆಪಾನ ಹೆಣ ಕೇಳಲು ಬಂದವರು

ಹೊಹೆಪಾ ಬರುವ ಮುಂಚೆ ಅವನ ಬೈಕಿನ ಸದ್ದು ಬರುತ್ತಿತ್ತು. ಕಾಗದದ ಕಾರ್ಖಾನೆಯ ಆ ಊರಿನಲ್ಲಿ ಆ ಸದ್ದು ಕೇಳಿದರೆ ಅಂಗಡಿಯವರು ಮಾತು ನಿಲ್ಲಿಸುತ್ತಿದ್ದರು, ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅವನ ಹೆಂಡತಿ ಮೆರೆಯಾನ ಮಾತ್ರ ಒಲೆಯ ಮೇಲೆ ಪಾತ್ರೆ ಇಡುತ್ತಿದ್ದಳು. ತಿರುವಿನಲ್ಲಿ ಸದ್ದು ಹೇಗೆ ಇಳಿಯುತ್ತದೆ ಅನ್ನುವುದರಲ್ಲೇ ಇವತ್ತು ಊಟವೋ ಏಟೋ ಎಂದು ಅವಳಿಗೆ ತಿಳಿದುಹೋಗುತ್ತಿತ್ತು.

ಅವನು ಹುಟ್ಟಿದ್ದು ನದಿಯ ಮೇಲ್ಗಡೆ, ಗುಡ್ಡದ ಹಳ್ಳಿಯಲ್ಲಿ. ತಾಯಿ ಸತ್ತು ತಂದೆ ಕುಡಿತಕ್ಕೆ ಬಿದ್ದ ಮೇಲೆ ಸರ್ಕಾರದವರು ಕಾರಿನಲ್ಲಿ ಬಂದು ಅವನನ್ನು ಹುಡುಗರ ಆಶ್ರಮಕ್ಕೆ ಒಯ್ದರು. ಅಕ್ಕ ಮಾಕೆರೆ ಸೇತುವೆಯವರೆಗೂ ಕಾರಿನ ಹಿಂದೆ ಓಡಿದಳಂತೆ. ಆಶ್ರಮದಲ್ಲಿ ತಾಯಿಯ ಭಾಷೆ ಆಡಿದರೆ ಬೆಲ್ಟಿನ ಏಟು. ಮಿಕ್ಕಿದ್ದು ಏನಾಯಿತೆಂದು ಅವನು ಹೆಂಡತಿಗೂ ಹೇಳಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವನು ಮಲಗುತ್ತಿರಲಿಲ್ಲ. ಅದನ್ನು ಕಂಡ ಮೇಲೆ ಅವಳೂ ಕೇಳಲಿಲ್ಲ.

ಹೊರಗೆ ಬಂದವನು ಕಾಡಿನಲ್ಲಿ ಮರ ಕಡಿಯುವ ಕೆಲಸ ಹಿಡಿದ. ಆಶ್ರಮದಲ್ಲಿ ಜೊತೆಗಿದ್ದ ಹುಡುಗರನ್ನೇ ಕೂಡಿಸಿ ಬೈಕಿನವರ ಸಂಘ ಕಟ್ಟಿದ. ಕರಿಗಿಡುಗ ಅಂತ ಹೆಸರು. ತೋಳಿಲ್ಲದ ಚರ್ಮದ ಕೋಟು, ಬೆನ್ನಿನ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ. ಆ ಕೋಟು ಹಾಕಿಕೊಂಡವನದಲ್ಲ, ಸಂಘದ್ದು, ಹಾಕಿಕೊಂಡವನೂ ಸಂಘದವನೇ ಎಂದು ಕಾನೂನು ಮಾಡಿದವನು ಅವನೇ. ಹಳ್ಳಕ್ಕೆ ಬಿದ್ದ ಬೈಕನ್ನು ಒಬ್ಬನೇ ಎತ್ತಿ ದಾರಿಗೆ ತರುವಷ್ಟು ರಟ್ಟೆ. ಮುದುಕಿಯರ ಮನೆಗೆ ಚಳಿಗಾಲಕ್ಕೆ ಸೌದೆ ಹಾಕಿಸುತ್ತಿದ್ದ, ಆ ಮುದುಕಿಯರ ಮಕ್ಕಳನ್ನು ಬೀದಿಯಲ್ಲಿ ಕೆಡವಿ ಒದೆಯುತ್ತಿದ್ದ. ಊರಿಗೆ ಎರಡೂ ಅಭ್ಯಾಸವಾಗಿತ್ತು.

ಅವನ ತಂದೆ ಸತ್ತಾಗ ಮಾಕೆರೆಯ ಮಗ ನಿಕೊರಾ ಕರೆಯಲು ಬಂದ. ಆಗಿನ್ನೂ ಎಳೆ ಮೀಸೆ. ಸಂಘದವರೆಲ್ಲ ಕುಡಿಯುತ್ತ ಕೂತಿದ್ದ ಅಂಗಳದಲ್ಲಿ ನಿಂತು, ತಾತನನ್ನು ಮಣ್ಣು ಮಾಡಬೇಕು, ಆ ಕೋಟು ನಾವೆಲ್ಲ ಸೇರುವ ಕುಲದ ಮನೆಯೊಳಗೆ ಬರುವುದು ಬೇಡ, ಕಳಚಿಟ್ಟು ಬಾ ಮಾವ ಎಂದ. ಅಷ್ಟು ಜನರ ಮುಂದೆ ಕೋಟು ಕಳಚು ಅಂದದ್ದು ಹೊಹೆಪಾನಿಗೆ ತಡೆಯಲಿಲ್ಲ. ಒಂದೇ ಗುದ್ದು. ನಿಕೊರಾನ ದವಡೆ ಎರಡು ಕಡೆ ಮುರಿಯಿತು, ಕೂಡಿದಾಗ ಸೊಟ್ಟಗೆ ಕೂಡಿತು. ಮಾತು ಅಂದಿನಿಂದ ಬಾಯಲ್ಲಿ ಅನ್ನ ಇಟ್ಟುಕೊಂಡು ಆಡಿದ ಹಾಗೆ. ಹಳ್ಳಿಯ ಬಾಗಿಲು ಹೊಹೆಪಾನಿಗೆ ಮುಚ್ಚಿತು. ಅವನು ಜೈಲಿಗೆ ಹೋದ.

ಅವನು ಜೈಲಿನಲ್ಲಿದ್ದಾಗಲೇ ಮಗಳು ಹುವಿಯಾ ಜ್ವರ ಬಂದು ಸತ್ತಳು. ಇನ್ನೂ ಚಪ್ಪಲಿ ಎಡಬಲ ತಿಳಿಯದ ಮಗು. ಮೆರೆಯಾನ ಒಬ್ಬಳೇ ಮಗುವನ್ನು ಹಳ್ಳಿಗೆ ಒಯ್ದಳು. ಮಾಕೆರೆ ಗೇಟಿನ ಹತ್ತಿರ ನಿಂತಿದ್ದಳು. ಮುರಿದ ದವಡೆ ಕೂಡಲೆಂದು ಅವಳ ಮಗನ ಬಾಯಿಗೆ ಆಗಿನ್ನೂ ತಂತಿ ಕಟ್ಟಿತ್ತು. ಆದರೂ ಅವಳೇ ಗೇಟು ತೆಗೆದು, ಮಗುವನ್ನು ತನ್ನ ಕೈಗೆ ತೆಗೆದುಕೊಂಡಳು. ಅಲ್ಲೇ ಮಣ್ಣು ಮಾಡಿದರು. ಹೊಹೆಪಾ ಬಿಡುಗಡೆಯಾಗಿ ಬಂದ ಮೇಲೂ ಆ ಗುಂಡಿ ನೋಡಲು ಹೋಗಲಿಲ್ಲ.

ವಯಸ್ಸಾಯಿತು. ಸಕ್ಕರೆ ಕಾಯಿಲೆ ಬಂದು ಒಂದು ಕಾಲು ತೆಗೆದರು. ಬೈಕಿಗೆ ಮೂರನೆಯ ಚಕ್ರ ಹಾಕಿಸಿಕೊಂಡ. ಸಂಘದವರು ಅವನ ಕುರ್ಚಿಯನ್ನು ಕಿಂಗಿಗೆ ಕೊಟ್ಟರು. ಕಿಂಗಿಯೂ ಆಶ್ರಮದವನೇ, ಚಿಕ್ಕಂದಿನಿಂದ ಹೊಹೆಪಾನ ನೆರಳಿನಲ್ಲಿ ಏಟು ತಪ್ಪಿಸಿಕೊಂಡು ಬೆಳೆದವನು. ಒಂದು ಸಂಜೆ ಹೊಹೆಪಾ ಇದ್ದಕ್ಕಿದ್ದಂತೆ ಹೆಂಡತಿಗೆ ಅಂದ:

"ನಾನು ಸತ್ರೆ ಮಗಳ ಪಕ್ಕ ಹಾಕು ಕಣೇ."

"ಹಳ್ಳಿಯವರನ್ನ ನೀನೇ ಹೋಗಿ ಕೇಳು."

"ಯಾವ ಮುಖ ಇಟ್ಕೊಂಡು?"

ಆ ಮಳೆಗಾಲದಲ್ಲೇ ಅವನು ಯಾರಿಗೂ ಹೇಳದೆ ಬೈಕು ಹತ್ತಿ ಹೋಗಿ, ನದಿಯ ದಾರಿಯಲ್ಲಿ ಸೇತುವೆಯ ಹತ್ತಿರ ಬಿದ್ದು ಸತ್ತ. ಬೈಕಿನ ಮೂತಿ ಹಳ್ಳಿಯ ಕಡೆಗಿತ್ತು. ಮಗಳ ಹತ್ತಿರ ಹೊರಟಿದ್ದ ಎಂದು ಮೆರೆಯಾನಳಿಗೆ ಗೊತ್ತಾಯಿತು. ಸಂಘದವರಿಗೆ ಅದು ಹೊಳೆಯಲಿಲ್ಲ.

ಹೆಣವನ್ನು ಸಂಘದವರು ತಮ್ಮ ಕಟ್ಟಡಕ್ಕೆ ಒಯ್ದು, ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿ, ಕೋಟು ತೊಡಿಸಿದರು. ಊರಿನ ಸ್ಮಶಾನದಲ್ಲಿ ಸಂಘದ ಜಾಗ ಇದೆ, ಅಲ್ಲೇ ಎಂದ ಕಿಂಗಿ. ಅವರ ಜನರ ಪದ್ಧತಿಯಂತೆ ಗಂಡ ಸತ್ತವಳು ಪೆಟ್ಟಿಗೆಯ ಪಕ್ಕ ಕೂತು ಅಳಬಹುದು, ಮಣ್ಣಾಗುವವರೆಗೆ ಎದ್ದು ಮಾತಾಡುವ ಹಾಗಿಲ್ಲ. ಅವಳ ಮಾತನ್ನು ಬೇರೆಯವರು ಆಡಬೇಕು. ಅವರಲ್ಲಿ ಹೆಣವನ್ನು ಕೇಳುವುದು ಜಗಳವಾಡಿಯೇ. ರಕ್ತಸಂಬಂಧದವರು ಬಂದು, ಇವನು ನಮ್ಮವನು ಕೊಡಿ ಎಂದು ಕೂಗಾಡಬೇಕು. ಸತ್ತವನನ್ನು ಎದುರೇ ನಿಂತು ಬೈಯಬೇಕು, ಬೈಯುವ ಹಕ್ಕಿದ್ದವನದೇ ಹೆಣ. ಯಾರೂ ಜಗಳಕ್ಕೆ ಬರದ ಹೆಣ ಯಾರಿಗೂ ಬೇಡವಾದ ಹೆಣ.

ಇದೆಲ್ಲ ಗೊತ್ತಿದ್ದೂ ಮೆರೆಯಾನ ತಪ್ಪು ಮಾಡಿದಳು. ಅಂಗಳದಲ್ಲಿ ಕುಡಿದ ಗಂಡಸರನ್ನು, ಅವರ ಸೊಂಟದ ಚೂರಿಗಳನ್ನು ನೋಡಿ ಹೆದರಿ ಮಾಕೆರೆಗೆ ಫೋನು ಮಾಡಿದಳು. ಅಕ್ಕಾ, ಬನ್ನಿ, ಆದರೆ ದೊಡ್ಡ ದನಿಯಲ್ಲಿ ಮಾತು ಬೇಡ, ರಕ್ತ ಹರಿಯೋದು ಬೇಡ ಎಂದಳು. ನಿನ್ನಿಷ್ಟ, ಎಂದಳು ಮಾಕೆರೆ.

ಮಾರನೆಯ ದಿನ ಹಳ್ಳಿಯವರು ಬಸ್ಸಿನಲ್ಲಿ ಬಂದರು. ಹೆಂಗಸರು ಕಪ್ಪು ಬಟ್ಟೆ ತೊಟ್ಟು, ತಲೆಗೆ ಸೊಪ್ಪು ಸುತ್ತಿಕೊಂಡು, ಗೇಟಿನಿಂದಲೇ ರಾಗ ತೆಗೆದು ಅಳುತ್ತ ಬಂದರು. ಹಿರಿಯರೊಬ್ಬರು ಎದ್ದು ಹೊಹೆಪಾನ ಮುತ್ತಜ್ಜಂದಿರ ಹೆಸರು ಹೇಳಿ, ಹೋಗಿ ಬಾ ಮಗನೇ ಎಂದು ಮೆತ್ತಗೆ ಕೂತರು. ಅಷ್ಟೇ. ಕೊಡಿ ಎಂದು ಕೇಳಲಿಲ್ಲ. ಮಾಕೆರೆ ನೆಲ ನೋಡುತ್ತಿದ್ದಳು. ಗಂಡನನ್ನು ತಾನೇ ಬಾಯಾರೆ ಬಿಟ್ಟುಕೊಟ್ಟೆ ಎಂದು ಮೆರೆಯಾನಳಿಗೆ ಆಗ ಹೊಳೆಯಿತು. ಪೆಟ್ಟಿಗೆಯ ಅಂಚು ಹಿಡಿದು ಜೋರಾಗಿ ಅತ್ತಳು, ಅಳುವಿನಲ್ಲೇ ಮಗಳ ಹೆಸರು ಕರೆದಳು. ಅವಳ ಬಾಯಿಗೆ ಉಳಿದಿದ್ದು ಅದೊಂದೇ.

ಕಿಂಗಿ ಎದ್ದು, ನಿಮ್ಮ ದೊಡ್ಡ ಮನಸ್ಸಿಗೆ ಉಪಕಾರವಾಯಿತು, ನಾಳೆ ಬೆಳಿಗ್ಗೆ ನಮ್ಮ ಜಾಗದಲ್ಲಿ ಎನ್ನುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ನಿಕೊರಾ ಎದ್ದಿದ್ದ. ದವಡೆ ಮುರಿದ ಮೇಲೆ ಅವನು ಸಭೆಯಲ್ಲಿ ನಿಂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಕೂದಲು ನರೆತಿತ್ತು. ಪೆಟ್ಟಿಗೆಯ ಹತ್ತಿರ ಬಂದು ಹೆಣದ ಮುಖಕ್ಕೇ ಬಗ್ಗಿದ.

"ಏಯ್ ಮಾವ, ಏಳು ಮೇಲೆ. ನನಗೆ ಇವತ್ತಿಗೂ ಮಾಂಸ ಅಗಿಯೋಕೆ ಆಗಲ್ಲ. ಹೆಂಡ್ತಿ ಕೂಸಿಗೆ ಕಿವುಚಿದ ಹಾಗೆ ಕಿವುಚಿ ಕೊಡ್ತಾಳೆ. ಊರಿಗೆಲ್ಲ ಗೂಳಿ ನೀನು, ನಮ್ಮನೆ ಗೇಟು ಅಂದ್ರೆ ಮಾತ್ರ ಕರು. ಮಗಳು ಮಣ್ಣಾದಾಗ ಬರಲಿಲ್ಲ. ಜೈಲಿಂದ ಬಂದ ಮೇಲೂ ಬರಲಿಲ್ಲ. ಕೊನೇಗೆ ಬಂದೆ, ಸೇತುವೆ ದಾಟೋಕೆ ಆಗಲಿಲ್ವಾ ನಿನಗೆ, ಹೇಡಿ?"

ಹಳ್ಳಿಯ ಹೆಂಗಸೊಬ್ಬಳು ಅಳುತ್ತಲೇ ಕಿಸಕ್ಕೆಂದಳು. ಸಂಘದವರು ಎದ್ದು ನಿಂತರು. ಕಿಂಗಿ ಮುಂದೆ ಬಂದ.

"ಸತ್ತೋನಿಗೆ ಬೈತೀಯಾ? ಹಲ್ಲು ಉದುರಿಸ್ತೀನಿ."

"ಉದುರಿಸೋಕೆ ಇವನೇನು ಉಳಿಸಿದಾನೆ?" ನಿಕೊರಾ ತಲೆ ಎತ್ತಲೂ ಇಲ್ಲ. "ನನ್ನ ಮಾವ, ನಾನು ಬೈತೀನಿ. ನಿನಗೂ ಬೇಕಾ ಇವನು? ಬಾ, ಬೈಯಿ. ಬೈದು ತಗೊಂಡು ಹೋಗು."

ಕಿಂಗಿ ಪೆಟ್ಟಿಗೆಯ ಹತ್ತಿರ ನಿಂತ. ಬಾಯಿ ತೆರೆದ. ಹೊಹೆಪಾನ ಕಣ್ಣು ಮುಚ್ಚಿತ್ತು, ಆದರೂ ಕಿಂಗಿಗೆ ಆ ಮುಖಕ್ಕೆ ಎದುರಾಡಲು ಆಗಲಿಲ್ಲ. ಮೈ ತುಂಬ ಹಚ್ಚೆ ಹಾಕಿಸಿಕೊಂಡ ಆ ದೊಡ್ಡ ಆಳು ಆಶ್ರಮದ ಹುಡುಗನ ಹಾಗೆ ಕೈ ಬೆನ್ನಿಗೆ ಕಟ್ಟಿ ನಿಂತುಬಿಟ್ಟ. ಎಲ್ಲರೂ ನೋಡಿದರು. ಹೆಣ ಯಾರದೆಂದು ಆಮೇಲೆ ಯಾರೂ ಕೇಳಲಿಲ್ಲ.

"ಕೋಟು ನಮ್ಮದು ಅತ್ತಿಗೆ," ಎಂದ ಕಿಂಗಿ ಸಣ್ಣ ದನಿಯಲ್ಲಿ.

ಮೆರೆಯಾನ ತಾನೇ ಕೋಟಿನ ಗುಂಡಿ ಬಿಚ್ಚಿದಳು. ಸೆಟೆದ ತೋಳುಗಳಿಂದ ಕೋಟು ಸುಲಭಕ್ಕೆ ಬರಲಿಲ್ಲ. ಮಾಕೆರೆ ಬಂದು ತಮ್ಮನ ಹೆಗಲು ಎತ್ತಿ ಹಿಡಿದಳು.

ಮರುದಿನ ಅವನನ್ನು ಸೇತುವೆ ದಾಟಿಸಿ, ಹುವಿಯಾಳ ಪಕ್ಕ ಹಾಕಿದರು. ಮಗಳ ಗುಂಡಿ ಅಷ್ಟು ಚಿಕ್ಕದು, ಇವನದು ಅಷ್ಟು ದೊಡ್ಡದು. ಮಣ್ಣು ಎಳೆದವರಲ್ಲಿ ನಿಕೊರಾನೂ ಇದ್ದ. ಸ್ಮಶಾನದ ಗೇಟಿನಲ್ಲಿ ಎಲ್ಲರೂ ಕೈಗೆ ನೀರು ಹಾಕಿಕೊಂಡು ಹೊರಟರು. ಅವನು ಮಾತ್ರ ತೊಳೆಯುತ್ತಲೇ ನಿಂತ. ಮೆರೆಯಾನ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದಳು.

"ಅವನಿಗೋಸ್ಕರ ಅಲ್ಲ ಅತ್ತೆ," ಎಂದ ಅವನು. "ಆ ಕೂಸು ಇಷ್ಟು ವರ್ಷ ಒಂದೇ ಮಲಗಿತ್ತು."

ಕುಲದ ಮನೆಯಲ್ಲಿ ಉದ್ದಕ್ಕೆ ಮೇಜು ಹಾಕಿ, ಮಣ್ಣಿನ ಒಲೆಯಲ್ಲಿ ಬೆಂದ ಹಂದಿಮಾಂಸ, ಗೆಣಸು ಬಡಿಸಿದ್ದರು. ಮೆರೆಯಾನ ನಿಕೊರಾನ ಪಕ್ಕ ಕೂತು, ಮಾಂಸವನ್ನು ಬೆರಳಿನಲ್ಲಿ ಎಳೆ ಎಳೆಯಾಗಿ ಬಿಡಿಸಿ, ಮೆತ್ತಗೆ ಕಿವುಚಿ ಅವನ ತಟ್ಟೆಗೆ ಹಾಕಿದಳು. ಅವನು ಬೇಡ ಅನ್ನಲಿಲ್ಲ. ಗೆಣಸನ್ನಷ್ಟೇ ತಿಂದು ಎದ್ದು ಹೋದ.